ನಂದಗಡದ ಸಾಲು

ಕಾಡಂಚಿಗೆ ಆನೆ ಬಂದರೆ ರೈತರ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆಯೊಂದನ್ನು ಬೆಳಗಾವಿಯ ಒಂದು ಸಣ್ಣ ಕಂಪನಿ ಖಾನಾಪುರ ತಾಲೂಕಿನಲ್ಲಿ ನಡೆಸುತ್ತಿತ್ತು. ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ತೆಗೆದ ಚಿತ್ರಗಳೆಲ್ಲ ಒಂದು ಎಂಡ್‌ಪಾಯಿಂಟಿಗೆ, ಅಂದರೆ ಸರ್ವರಿನ ಒಂದು ವಿಳಾಸಕ್ಕೆ ಹೋಗುತ್ತಿದ್ದವು. ಚಿತ್ರದಲ್ಲಿರುವುದು ಆನೆಯೋ ಅಲ್ಲವೋ ಎಂದು ಹೇಳಲು ಅಲ್ಲಿ ಎರಡು ಎಐ ಮಾಡೆಲ್‌ಗಳಿದ್ದವು. ಮಂಜು ಮುಸುಕಿದ ಜಾಂಬೋಟಿ ಕಡೆಗೆ ಒಂದು, ನಂದಗಡದ ಗದ್ದೆಗಳಿಗೆ ಇನ್ನೊಂದು.

ಮಾಡೆಲ್ ಬದಲಿಸಲು ಕಂಪನಿಯ ಇಂಜಿನಿಯರ್ ವಿನಯ ಒಂದು ಎಪಿಐ ಟೂಲನ್ನು, ಅಂದರೆ ಸರ್ವರಿಗೆ ಆದೇಶ ಕಳಿಸುವ ಸಣ್ಣ ಪ್ರೋಗ್ರಾಮನ್ನು ತಯಾರಿಸಿದ್ದ. ಅದರ ಬಳಕೆಯನ್ನು ವಿವರಿಸಿ ಬರೆಯುವ ಕೆಲಸ ಕೌಸರಳದು. ಬೆಳಗಾವಿಯ ಖಾಸಬಾಗದ ಆಕೆ ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ತಾನೇ ಮಾಡಿ ನೋಡದೆ ಏನನ್ನೂ ಬರೆಯುವವಳಲ್ಲ. ಆದರೆ ಹಾಗೆ ಮಾಡಿ ನೋಡಲೆಂದೇ ಇದ್ದ ಪರೀಕ್ಷೆಯ ಸರ್ವರ್ ಆ ವಾರ ಕೆಟ್ಟಿತ್ತು.

“ಒಂದ ಮಾಡೆಲಿನ ಹೆಸರು ಕೊಟ್ರ ಇನ್ನೊಂದು ಹಂಗ ಇರ್ತೈತೇನ್ರಿ?” ಎಂದು ಅವಳು ವಿನಯನನ್ನು ಕೇಳಿದಳು.

“ಇರ್ತೈತ್ರಿ. ಯಾಕ ಹೋಗ್ತೈತಿ?” ಎಂದ ಆತ, ಸ್ಕ್ರೀನಿನಿಂದ ಕಣ್ಣೆತ್ತದೆ.

‘ನೀವು ಹೆಸರಿಸದ ಮಾಡೆಲ್ ಮೊದಲಿನಂತೆಯೇ ಇರುತ್ತದೆ’ ಎಂದು ಕೌಸರ ಬರೆದಳು.

ಖಾನಾಪುರದ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಸಮೃದ್ಧಿ ಅದನ್ನು ಓದಿಕೊಂಡು, ಅದೊಂದರ ಹೆಸರನ್ನಷ್ಟೇ ಕೊಟ್ಟು ಜಾಂಬೋಟಿಗೆ ಹೊಸ ಮಾಡೆಲ್ ಹಾಕಿದಳು. ‘ಯಶಸ್ವಿ’ ಎಂದು ಟೂಲ್ ಉತ್ತರ ಕೊಟ್ಟಿತು.

ಮರುದಿನ ಬೆಳಿಗ್ಗೆ ನಂದಗಡದ ರೈತ ಹೆಂಗಸು ಸಾತವ್ವ ಅವಳಿಗೆ ಫೋನ್ ಮಾಡಿದಳು. ಗದ್ದೆಗೆ ಆನೆ ನುಗ್ಗಿತ್ತು. ನೀರು ಹಾಯಿಸಲು ಹೋಗಿದ್ದ ಅವಳ ಗಂಡ ಬಾಳಪ್ಪನಿಗೆ ಅದು ಎದುರಿಗೇ ಸಿಕ್ಕಿತ್ತು. ಆತ ಓಡುವಾಗ ಬದುವಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. “ಮೊಬೈಲ್ ಅವರ ಕಿಸೇದಾಗ ಇತ್ತವ್ವಾ. ಏನೂ ಬರಲಿಲ್ಲ,” ಎಂದಳು ಸಾತವ್ವ.

ಸಮೃದ್ಧಿ ಅಳುತ್ತಲೇ ಬೆಳಗಾವಿಗೆ ಫೋನ್ ಮಾಡಿದಳು. ಕೌಸರ ಎಂಡ್‌ಪಾಯಿಂಟ್ ತೆರೆದು ನೋಡಿದಳು. ಮಾಡೆಲ್‌ಗಳ ಪಟ್ಟಿಯಲ್ಲಿ ಜಾಂಬೋಟಿಯ ಸಾಲು ಮಾತ್ರ ಇತ್ತು. ಟೂಲ್ ಒಂದು ಸಾಲನ್ನು ಬದಲಿಸಿರಲಿಲ್ಲ. ಹಳೆಯದನ್ನೆಲ್ಲ ಅಳಿಸಿ, ಕೊಟ್ಟಿದ್ದನ್ನಷ್ಟೇ ಇಟ್ಟಿತ್ತು. ಅವಳು ಎರಡೂ ಮಾಡೆಲ್‌ಗಳ ಹೆಸರು ಬರೆದು ಮತ್ತೆ ಕಳಿಸಿದಳು. ನಂದಗಡದ ಸಾಲು ಬಂತು.

“ಹಾಕಿದ ಮ್ಯಾಲೆ ಸಮೃದ್ಧಿ ಒಮ್ಮೆ ಚೆಕ್ ಮಾಡಬೇಕಿತ್ತು,” ಎಂದ ವಿನಯ.

“ನಾ ಬರದದ್ದನ್ನ ಆಕಿ ಮಾಡ್ಯಾಳ್ರಿ. ನೀವು ಹೇಳಿದ್ದನ್ನ ನಾ ಬರದೀನಿ. ಆಕೀ ಹೆಸರು ತಗೀಬ್ಯಾಡ್ರಿ.”

ವಿನಯ ಸ್ಕ್ರೀನಿನಿಂದ ಕಣ್ಣೆತ್ತಿದ. “ನನಗೂ ಗೊತ್ತಿರಲಿಲ್ಲ. ಇರ್ತೈತಿ ಅಂತ ತಿಳಕೊಂಡಿದ್ದೆ,” ಎಂದ.

ಮಧ್ಯಾಹ್ನದ ಬಸ್ಸಿಗೆ ಕೌಸರ ಖಾನಾಪುರಕ್ಕೆ ಹೋಗಿ, ಸಮೃದ್ಧಿಯನ್ನು ಕರೆದುಕೊಂಡು ನಂದಗಡಕ್ಕೆ ಬಂದಳು. ಬಾಳಪ್ಪ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಿದ್ದ. ಏನು ಹೇಳಬೇಕೆಂದು ಕೌಸರ ದಾರಿಯುದ್ದಕ್ಕೂ ಯೋಚಿಸಿದ್ದಳು. ಅಲ್ಲಿ ಅದೊಂದೂ ನೆನಪಾಗಲಿಲ್ಲ.

“ತಪ್ಪು ನಮ್ಮದ್ರಿ ಸಾತವ್ವಾರ. ಹೊಸಾದು ಹಾಕುವಾಗ ನಿಮ್ಮ ಊರಿಂದು ಅಳಿಸಿ ಹೋಗಿತ್ತು. ನಾ ಬರದದ್ದು ತಪ್ಪಿತ್ತು.”

ಸಾತವ್ವ ಅವಳನ್ನೇ ನೋಡಿದಳು. “ನೀವು ಏನು ಬರದ್ರಿ, ಏನು ಅಳಿಸಿತು, ನನಗ ತಿಳಿಯೂದಿಲ್ಲ. ಮೊದಲ ನಾವು ಆನಿ ಸಪ್ಪಳಕ್ಕ ಕಿವಿಗೊಟ್ಟು ಹೋಗ್ತಿದ್ವಿ. ಮೊಬೈಲ್ ಐತಿ ಅಂತ ಕಿವಿಗೊಡೂದು ಬಿಟ್ವಿ. ನೀವು ಅದಕ್ಕ ಕೈ ಹಚ್ಚುವಾಗ ನಮಗೊಂದು ಮಾತು ಹೇಳ್ರಿ. ಅವತ್ತ ನಾವು ಹೊಲಕ್ಕ ಹೋಗೂದಿಲ್ಲ.”

ಚಹಾ ಕೊಡಲಿಲ್ಲ. ಆದರೆ ಬಾಗಿಲ ತನಕ ಬಂದು ಕಳಿಸಿದಳು.

ಪರೀಕ್ಷೆಯ ಸರ್ವರ್ ಸರಿಯಾದ ದಿನ ಕೌಸರ ಟೂಲನ್ನು ಬೇಕೆಂದೇ ತಪ್ಪಾಗಿ ಬಳಸಿ ನೋಡಿ, ಪುಟವನ್ನು ಮೊದಲಿನಿಂದ ಬರೆದಳು. ‘ಈ ಟೂಲ್ ಹಳೆಯದನ್ನೆಲ್ಲ ಅಳಿಸುತ್ತದೆ. ಉಳಿಯಬೇಕಾದ ಪ್ರತಿಯೊಂದು ಮಾಡೆಲಿನ ಹೆಸರನ್ನೂ ಕೊಡಿ’ ಎಂಬುದೇ ಈಗ ಮೊದಲ ಸಾಲು. ಅದರ ಕೆಳಗೆ, ‘ಶುರು ಮಾಡುವ ಮೊದಲು ಎರಡೂ ಕಡೆಯ ರೈತರಿಗೆ ಫೋನ್ ಮಾಡಿ’ ಎಂದಿತ್ತು.

“ಎಪಿಐ ಪುಟದಾಗ ಫೋನ್ ಮಾಡೂದು ಯಾರು ಬರೀತಾರ?” ಎಂದು ವಿನಯ ನಕ್ಕ. ಆಕೆ ನಗಲಿಲ್ಲ. ಆತ ಆ ಸಾಲನ್ನು ತೆಗೆಯಲೂ ಇಲ್ಲ. ಆ ವಾರವೇ ಟೂಲಿಗೆ ಒಂದು ತಡೆ ಸೇರಿಸಿದ: ಯಾವುದಾದರೂ ಸಾಲು ಅಳಿಯುವಂತಿದ್ದರೆ ಅದರ ಹೆಸರು ತೋರಿಸಿ ನಿಲ್ಲಬೇಕು.

ಮುಂದಿನ ತಿಂಗಳು ನಂದಗಡಕ್ಕೆ ಹೊಸ ಮಾಡೆಲ್ ಹಾಕುವುದಿತ್ತು. ಶುರು ಮಾಡುವ ಮೊದಲು ಸಮೃದ್ಧಿ ಸಾತವ್ವನಿಗೆ ಫೋನ್ ಮಾಡಿದಳು.

“ತಡೀರಿ, ನಮ್ಮ ಮೈದುನ ಗದ್ದ್ಯಾಗ ಅದಾನ. ಮನಿಗೆ ಬರ್ಲಿ, ನಾನ ಫೋನ್ ಮಾಡಿ ಹೇಳ್ತೀನಿ,” ಎಂದಳು ಸಾತವ್ವ.

ಬೆಳಗಾವಿಯಲ್ಲಿ ವಿನಯ, ಕೌಸರ ಇಬ್ಬರೂ ಸ್ಕ್ರೀನಿನ ಮುಂದೆ ಸಾತವ್ವನ ಮಾತಿಗಾಗಿ ಕಾಯುತ್ತ ಕೂತರು.