ಕಣ್ಣು ದಾಟುವ ಹೊತ್ತು

ಮಗಳು ಒದ್ದೆ ಬಟ್ಟೆ ಹಿಡಿದು ಬೀರುವಿನ ಬಾಗಿಲ ಒಳಮೈಯನ್ನು ತಿಕ್ಕುತ್ತಲೇ ಇದ್ದಳು. ಪೆನ್ಸಿಲ್ ಬರಹ ಹೋಗುವ ಬದಲು ಮಸಿಯಾಗಿ ಹರಡುತ್ತಿತ್ತು. ಒಂದು ವಾರದ ವೇಳೆಗಳು, ಅಪ್ಪನ ದುಂಡು ಅಂಕಿಗಳಲ್ಲಿ. ಮೂರು ದಿನದ್ದಕ್ಕೆ ಗೀಟು ಬಿದ್ದಿತ್ತು. ಉಳಿದದ್ದಕ್ಕೆ ಗೀಟು ಹೊಡೆಯಲು ಅವನಿರಲಿಲ್ಲ. ಇವತ್ತಿನದು: ಹನ್ನೊಂದು ಮೂವತ್ತೈದರಿಂದ ನಲವತ್ತೆರಡು.

ಅಪ್ಪ ಹಜಾರದಲ್ಲಿ ಹೂಹಾರದಡಿ ಮಲಗಿದ್ದ. ಸೇನೆಯ ಉಪಗ್ರಹ ಕೇಂದ್ರದಿಂದ ಇಬ್ಬರು ಬಂದಿದ್ದರು. ಅಲ್ಲಿನ ಡಿಶ್ ಆಂಟೆನಾ ಛತ್ರಿಗೆ ಮೂವತ್ತು ವರ್ಷ ಗ್ರೀಸ್ ಹಚ್ಚಿದವನ ಮುಖವನ್ನು ಒಂದು ಕ್ಷಣ ನೋಡಿದರು. ಗೋಡೆಗಳನ್ನು ಮಾತ್ರ ಸಾವಕಾಶವಾಗಿ ನೋಡಿದರು.

"ಅವರ ಕಾರ್ಡು ವಾಪಸ್ ಬೇಕಮ್ಮ," ಎಂದ ಕನ್ನಡಕದ ಅಧಿಕಾರಿ. "ಕೇಂದ್ರದ ಕಾಗದಪತ್ರ ಏನಾದ್ರೂ ಇದ್ರೆ ಅದೂ."

"ಬೀರುವಿನಲ್ಲಿದೆ. ಮಗಳು ತರ್ತಾಳೆ," ಎಂದಳು ಅಮ್ಮ.

"ನಾವೇ ನೋಡ್ತೀವಿ."

ಎದುರುಮನೆಯ ಟೈಲರ್ ಅಡ್ಡ ಬಂದ. "ಒಂದು ನಿಮಿಷ ಕೂತ್ಕೊಳ್ಳಿ ಸಾರ್. ಛತ್ರಿ ಅಂತಾನೇ ನಾವು ಅವನನ್ನ ಕರೀತಿದ್ದಿದ್ದು. ಆದ್ರೆ ಒಂದಿನಾನೂ ಛತ್ರಿತನ ಮಾಡಿದೋನಲ್ಲ. ಕೆಲಸದ ವಿಷ್ಯ ತುಟಿ ಪಿಟಕ್ ಅಂತಿರ್ಲಿಲ್ಲ."

"ಅನ್ನಬಾರದು. ಬಾಯಿಬಿಟ್ರೆ ಕೇಳಿಸ್ಕೊಂಡವರನ್ನೂ ಒಳಗೆ ಹಾಕ್ತೀವಿ."

ಕೋಣೆಯಲ್ಲಿ ಬಟ್ಟೆ ಇನ್ನೂ ಜೋರಾಗಿ ಓಡಿತು.

*

ಅವಳಿಗಾಗ ಒಂಬತ್ತು ವರ್ಷ. ಅಂಗಳದಲ್ಲಿ ಆಡುತ್ತಿದ್ದವಳನ್ನು ಅಪ್ಪ ರಟ್ಟೆ ಹಿಡಿದು ಒಳಗೆಳೆದಿದ್ದ.

"ಮೇಲೆ ಬೇರೆ ದೇಶದವರ ಕಣ್ಣೊಂದು ಹೋಗುತ್ತೆ ಪುಟ್ಟಿ. ಅದು ದಾಟೋ ತನಕ ಹೊರಗೆ ಬರಬೇಡ."

"ನನ್ನ ನೋಡಿ ಅದಕ್ಕೇನಾಗ್ಬೇಕು?"

"ಅದು ನೋಡಿದ ಕಡೆ ನಾಳೆ ಏನಾದ್ರೂ ಬಂದು ಬಿದ್ರೆ?"

ಆ ಗೂಢಚಾರ ಉಪಗ್ರಹ ದಾಟುವ ಹೊತ್ತಿನಲ್ಲಿ ಕೇಂದ್ರದವರೆಲ್ಲ ಸೂರಿನ ಕೆಳಗಿರಬೇಕೆಂದು ಕಟ್ಟಪ್ಪಣೆ. ಅಪ್ಪ ಆ ವೇಳೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಬೀರುವಿನೊಳಗೆ ಬರೆಯುತ್ತಿದ್ದ. ಸಿಕ್ಕಿಬಿದ್ದರೆ ಜೈಲು. ದೇಶದ ಗುಟ್ಟು ಕದ್ದು ಅವನು ಮಾಡಿದ್ದಿಷ್ಟೇ: ಆ ಏಳು ನಿಮಿಷ ಹೆಂಡತಿ ಬಟ್ಟೆ ಒಣಹಾಕಲು ಹೋಗದಂತೆ ನೋಡಿಕೊಂಡ.

*

"ಒದ್ದೆ ಇದೆಯಲ್ಲ," ಎಂದ ಅಧಿಕಾರಿ, ಬೀರುವಿನ ಬಾಗಿಲ ಮೇಲೆ ಬೆರಳಾಡಿಸಿ.

"ಧೂಳಿತ್ತು. ಮನೆಗೆ ಜನ ಬರ್ತಾರಲ್ಲ." ಮಗಳು ಮಸಿ ಹತ್ತಿದ ಕೈಯನ್ನು ಮುಷ್ಟಿ ಮಾಡಿಕೊಂಡಳು.

ಅವನು ಕಾರ್ಡು ತೆಗೆದುಕೊಂಡ. ಬಾಗಿಲನ್ನು ಮತ್ತೊಮ್ಮೆ ನೋಡಿದ. ಮುಚ್ಚಿದ. "ಸರಿ. ನಿಮ್ಮ ಕೆಲಸ ಮುಂದುವರಿಸಿ."

ಅವಳು ಮಸಿಯಾದ ಬಟ್ಟೆಯನ್ನು ಕಾಲಿನಿಂದ ಬೀರುವಿನಡಿ ತಳ್ಳಿದಳು.

ಅಷ್ಟರಲ್ಲಿ ನಾಲ್ವರು ಅಪ್ಪನನ್ನು ಎತ್ತಿಕೊಂಡಿದ್ದರು. ಬೀದಿಯಲ್ಲಿ ವ್ಯಾನಿನ ಬಾಗಿಲು ತೆರೆದಿತ್ತು. "ಹುಷಾರು, ಮೆಟ್ಟಿಲಿದೆ," ಎಂದ ಟೈಲರ್.

ಅಮ್ಮ ಹೊಸ್ತಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಅಳುತ್ತಲೇ ಇದ್ದಳು. ತಾನೇನು ಹೇಳುತ್ತಿದ್ದೇನೆಂಬ ಪರಿವೆ ಅವಳಿಗಿರಲಿಲ್ಲ.

"ಇರ್ರಪ್ಪಾ, ಈಗ್ಲೇ ಬೇಡ. ನಲವತ್ತೆರಡಕ್ಕೆ ದಾಟುತ್ತೆ. ಆಮೇಲೆ ಕರ್ಕೊಂಡು ಹೋಗಿ."

"ಏನು ದಾಟೋದು ಅತ್ತಿಗೆ?" ಎಂದ ಟೈಲರ್.

ಕನ್ನಡಕದ ಅಧಿಕಾರಿ ಆಗಲೇ ಹೊರಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಗಡಿಯಾರ ನೋಡಿಕೊಂಡ: ಹನ್ನೊಂದು ಮೂವತ್ತೆಂಟು. ಇಟ್ಟ ಕಾಲನ್ನು ಮೆಲ್ಲನೆ ಸೂರಿನ ಕೆಳಗೆ ಎಳೆದುಕೊಂಡ. ಆಮೇಲೆ ತಲೆಯೆತ್ತಿ ಅಮ್ಮನನ್ನೇ ನೋಡತೊಡಗಿದ.

ಅಂಗಳದ ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ.