ಬಾವಿಯ ನೀರಿನ ಹುಟ್ಟು

ಕಾಮಗೆರೆಯ ಕೆಂಪನಂಜಪ್ಪನ ಮಗ ಚನ್ನಬಸವ, ಕೆಟ್ಟ ಪಂಪ್‌ಸೆಟ್ ನೋಡಲೆಂದು ಹೊಲದ ಬಾವಿಗೆ ಇಳಿದವನು ಕಾಲುಜಾರಿ ಬಿದ್ದು ತೀರಿಕೊಂಡ. ೧೯೯೯ರ ಬೇಸಿಗೆ ಅದು. ಹೊಲದ ಮೂಲೆಯಲ್ಲೇ, ಬಾವಿಯ ಪಕ್ಕದಲ್ಲಿ ಸಮಾಧಿ ಮಾಡಿದರು. ಅಂದಿನಿಂದ ತಾಯಿ ಶಂಕರಮ್ಮ ಆ ಬಾವಿಯ ನೀರು ಮುಟ್ಟಲಿಲ್ಲ. ಬೀದಿಯ ಬೋರ್‌ವೆಲ್‌ನಿಂದ ಹೊತ್ತು ತರುತ್ತಿದ್ದಳು.

"ಮಗನ್ನ ನುಂಗಿದ ನೀರು ಅದು. ಬಾವಿ ಮುಚ್ಚಾಕ್ಬುಡಿ," ಎಂದು ಗಂಡನನ್ನು ಬಿಡದೆ ಕೇಳಿದಳು. ಕೊನೆಗೆ ಕೆಂಪನಂಜಪ್ಪ ಮಣ್ಣು ತರಲು ಟ್ರ್ಯಾಕ್ಟರ್‌ನವನಿಗೆ ಹೇಳಿದ.

ಮಗಳು ಶಿವರಂಜನಿ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಕ್ಷತ್ರಗಳ ನಡುವೆ ಹಬ್ಬಿದ ಮೋಡಗಳಲ್ಲಿ ನೀರು ಹೇಗೆ ಹುಟ್ಟುತ್ತದೆ ಎಂಬುದು ಅವಳ ವಿಷಯ. ಬಾವಿ ಮುಚ್ಚುವ ಹಿಂದಿನ ದಿನ ಊರಿಗೆ ಬಂದವಳು, ಅವ್ವ ಸಮಾಧಿಗೆ ಹೂವಿಡಲು ಹೊರಟಾಗ ಜೊತೆಗೆ ಹೋದಳು.

"ನೀರಿನ್ ವಿಚಾರ ಓದ್ತಿದ್ದೀಯಲ್ಲ ಕೂಸೇ, ನೀರ್ಗೆ ಕರುಣೆ ಇಲ್ವಾ?" ಶಂಕರಮ್ಮ ಕೇಳಿದಳು.

 ಶಿವರಂಜನಿ ತನಗೆ ಗೊತ್ತಿದ್ದಷ್ಟನ್ನೇ ಹೇಳಿದಳು.

"ಅವ್ವಾ, ಸೂರ್ಯ ಹುಟ್ಟೋಕೆ ಮುಂಚೆ ಬರೀ ಧೂಳಿನ ಮೋಡ ಇತ್ತು. ಬೆಳಕಿಲ್ಲ, ಊಹೆಗೂ ನಿಲುಕದ ಚಳಿ. ಜಲಜನಕ, ಆಮ್ಲಜನಕ ಅಂತ ಎರಡು ಥರದ ಗಾಳಿ ಆ ಧೂಳಿನ ಮೇಲೆ ಕೂತು, ಒಂದಕ್ಕೊಂದು ಸೇರಿ ನೀರಾಗಿ ಹೆಪ್ಪುಗಟ್ತು. ಭೂಮಿ ಆದಾಗ ಅದ್ರಲ್ಲಿ ಒಂದಷ್ಟು ಇಲ್ಲಿಗೂ ಬಂತು ಅಂತಾರೆ."

"ಈ ಬಾವೀಲಿರೋದೂ ಅದೇಯಾ?"

"ಸ್ವಲ್ಪ ಇರಬೋದು. ಎಷ್ಟು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಆಗ ಅಲ್ಲಿ ಯಾರೂ ಇರ್ನಿಲ್ವಾ?"

"ಯಾರೂ ಇರ್ನಿಲ್ಲ ಕಣವ್ವ."

ಶಂಕರಮ್ಮ ಬಾವಿಯೊಳಗೆ ಬಗ್ಗಿ ನೋಡಿದಳು. "ಅಂಗಾದ್ರೆ ನಮ್ ಚನ್ನಬಸ್ವ ಯಾರು ಅಂತ ಅದ್ಕೆ ಎಂಗ್ ಗೊತ್ತಾಗ್ಬೇಕು!" ಎಂದವಳೇ ಕುಸಿದು ಕೂತು ಬಿಕ್ಕಿದಳು. ಮಗನನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಮಗಳು ಅಪ್ಪಿ ಹಿಡಿದು ತಾನೂ ಅತ್ತಳು.

ಮರುದಿನ ಮಣ್ಣಿನ ಟ್ರ್ಯಾಕ್ಟರ್ ಬಂದಾಗ ಶಂಕರಮ್ಮ ಅಡ್ಡ ನಿಂತಳು. "ವಾಪಸ್ ತಕಂಡೋಗಪ್ಪ."

"ನೀನೇ ತಾನೆ ಏಳಿದ್ದು?" ಎಂದ ಕೆಂಪನಂಜಪ್ಪ.

"ಏಳಿದ್ದೆ. ಈಗ ಬ್ಯಾಡ. ಕಲ್ಲು ತರ್ಸಿ, ಸುತ್ತ ಕಟ್ಟೆ ಕಟ್ಸಿ. ಇಳಿಯೋಕೆ ಕಬ್ಬಿಣದ ಮೆಟ್ಲು ಆಕ್ಸಿ. ಇನ್ನೊಬ್ರ ಮಗ ಬೀಳ್ಬಾರ್ದು."

ಕೆಂಪನಂಜಪ್ಪ ಅವಳ ಮುಖ ನೋಡಿ, ಟ್ರ್ಯಾಕ್ಟರ್ ತಿರುಗಿಸಲು ಕೈ ಮಾಡಿದ.

ಕಟ್ಟೆ ಮುಗಿಯುವವರೆಗೂ ಶಿವರಂಜನಿ ಊರಲ್ಲೇ ಉಳಿದಳು. ಶಂಕರಮ್ಮ ಆ ನೀರನ್ನು ಮತ್ತೆಂದೂ ಕುಡಿಯಲಿಲ್ಲ. ಹೊಲಕ್ಕೆ ಹಾಯಿಸುವುದನ್ನು ಮಾತ್ರ ಬೇಡವೆನ್ನಲಿಲ್ಲ. ಆ ವರ್ಷ ಅರಿಶಿನದ ಬೆಳೆ ಹಾಕಿದರು. ಕಳೆ ಕೀಳಲು ಅವಳೂ ಹೋದಳು.