ಇನ್ನೂ ಬಿಚ್ಚಿಕೊಳ್ಳದ ಗಿಟಾರು

ತಂಗಿ ನುಡಿಸಬೇಕು, ಅಣ್ಣ ಗೋಡೆಗೆ ಮುಖ ಮಾಡಿ ಕೇಳಬೇಕು. ಆ ಮನೆಯವರು ವಾದ್ಯ ಕೊಳ್ಳುವ ಕ್ರಮವೇ ಹಾಗೆ. ಕಣ್ಣು ಹೊಳಪಿಗೆ ಮರುಳಾಗಿ ಕಿವಿಯ ಬಾಯಿ ಮುಚ್ಚಿಸುತ್ತದೆ ಎಂಬುದು ಅಣ್ಣನ ವಾದ. ಹಾಗಾಗಿ ಹಳೆಯ ವಾದ್ಯಗಳ ಅಂಗಡಿಯಲ್ಲಿ ತಂಗಿ ಒಂದಾದ ಮೇಲೊಂದು ಗಿಟಾರನ್ನು ತೊಡೆಯ ಮೇಲಿಟ್ಟು ಮೀಟುತ್ತಿದ್ದರೆ, ಅಣ್ಣ ಕ್ಯಾಲೆಂಡರಿಗೆ ಮೂಗು ತಾಗಿಸಿಕೊಂಡು ನಿಂತಿದ್ದ.

ಅವಳಿಗೆ ಬೇಕಾಗಿದ್ದದ್ದು ರೆಸೊನೇಟರ್ ಗಿಟಾರು. ಅದರ ಹೊಟ್ಟೆಯೊಳಗೆ ಅಲ್ಯೂಮಿನಿಯಂನ ತೆಳು ಕೋನ್ ಒಂದಿರುತ್ತದೆ. ತಂತಿ ನಡುಗಿದರೆ ಕೋನ್ ನಡುಗಿ, ಮೈಕಿನ ಹಂಗಿಲ್ಲದೆ ಇಡೀ ಕೋಣೆಗೆ ಕೇಳಿಸುತ್ತದೆ. ವಾರಕ್ಕೊಮ್ಮೆ ಲೈಬ್ರರಿಯ ಹಾಲ್‌ನಲ್ಲಿ ಅವಳು ಒಬ್ಬ ಪಿಟೀಲಿನವನ, ಒಬ್ಬ ಡ್ರಮ್ಮಿನವನ ಜೊತೆ ನುಡಿಸುತ್ತಿದ್ದಳು. ಅವರಿಬ್ಬರ ನಡುವೆ ಅವಳ ಮರದ ಗಿಟಾರು ಮೂಕಿ ಚಿತ್ರವಾಗಿತ್ತು. ಕೈ ಆಡುವುದು ಕಾಣುತ್ತಿತ್ತು, ಅಷ್ಟೇ.

ಅಂಗಡಿಯವನು ಒಳಗೆ ಹೋದಾಗ ತಂಗಿ ಅವನದೇ ಮೂಗಿನ ರಾಗದಲ್ಲಿ, "ತಗೊಳಿ ಮೇಡಂ, ಇದು ನಿಮಗೋಸ್ಕರಾನೇ ಹುಟ್ಟಿದ್ದು, ನಿಮಗಿಂತ ಮುಂಚೆ ಹುಟ್ಟಿದ್ದು ಅದರ ತಪ್ಪಲ್ಲ" ಎಂದಳು. ಅಣಕಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾವಾಗಲೂ ನಗುವಿಗೆ ಕುಲುಕುತ್ತಿದ್ದ ಅಣ್ಣನ ಭುಜ ಅಂದು ಅಲುಗಲಿಲ್ಲ.

"ಉಕ್ಕಿನದು," ಎಂದ ತಿರುಗಿ. "ಮಾತಾಡ್ತಿರೋದು ಅದೊಂದೇ."

ಅಷ್ಟರಲ್ಲಿ ಹೊರಬಂದ ಅಂಗಡಿಯವನು ಹುಬ್ಬೇರಿಸಿದ. "ಮೊದಲೆಲ್ಲ ಉಕ್ಕಿನದು ಅಂದ್ರೆ ಪಾತ್ರೆ ಅಂಗಡಿ ಸದ್ದು ಅಂತಿದ್ರಲ್ಲ ನೀವು?"

ಅಣ್ಣ ಅವನ ತುಟಿಗಳನ್ನೇ ನೋಡಿ, ಒಂದು ಗಳಿಗೆ ಬಿಟ್ಟು ನಕ್ಕ. "ಪಾತ್ರೆ ಅಂಗಡೀಲೂ ಒಳ್ಳೆ ಪಾತ್ರೆ ಇರುತ್ತೆ."

ಅಣ್ಣನದು ತಂತಿವಾದ್ಯ ರಿಪೇರಿ. ಬೀದಿಯ ಮೂಲೆಯ ಮಹಡಿಯ ಮೇಲೆ ಮುಂದೆ ಅಂಗಡಿ, ಹಿಂದೆ ಮನೆ. ಬೋರ್ಡಿನ ಅಕ್ಷರ ಮಾಸಿದ್ದರೂ ಯಾರೂ ದಾರಿ ತಪ್ಪುತ್ತಿರಲಿಲ್ಲ, ಏಕೆಂದರೆ ಅವರು ಹುಡುಕಿ ಬರುತ್ತಿದ್ದದ್ದು ಬೋರ್ಡನ್ನಲ್ಲ, ಅವನ ಕಿವಿಯನ್ನು. ಗಿರಾಕಿಗಳು ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಇಬ್ಬರ ಹೊಟ್ಟೆಪಾಡೂ ಆ ಕಿವಿಯ ಮೇಲೆ ನಿಂತಿತ್ತು.

ಮನೆಗೆ ತಂದು ಗಿಟಾರಿನ ಮುಚ್ಚಳ ಬಿಚ್ಚಿದಾಗ ಕೋನಿನ ಮೈಮೇಲೆ ಯಾರದೋ ಹೆಬ್ಬೆರಳಿನ ಗುಳಿ ಕಂಡಿತು. "ನೋಡ್ದ್ಯಾ, ಯಾವನೋ ಇದರ ಕೆನ್ನೆ ಹಿಂಡಿದಾನೆ," ಎಂದು ಅಣ್ಣ ಹೊಸ ಕೋನ್ ತರಿಸಿದ. ಅದನ್ನು ಕೂರಿಸಿ, ಗೋಡೆಗೆ ತಿರುಗಿ ನಿಂತ. ತಂಗಿ ನುಡಿಸಿದಳು.

"ದನಿ ಇನ್ನೂ ಬಿಚ್ಚಿಕೊಂಡಿಲ್ಲ," ಎಂದ.

ಕೋನಿನ ತುದಿಯಲ್ಲಿ ಕೂತು ತಂತಿಗಳನ್ನು ಹೊರುವ ದುಂಡು ಮರದ ಬಿಲ್ಲೆಗೆ ಆ ಕಸುಬಿನವರು ಬಿಸ್ಕತ್ತು ಎನ್ನುತ್ತಾರೆ. ಅದನ್ನು ಬದಲಿಸಿದ. "ಬಿಸ್ಕತ್ತು ಹಳೇದಾದ್ರೆ ಮೆತ್ತಗಾಗುತ್ತೆ, ಟೀ ಕೊಟ್ಟಿಲ್ಲಾಂದ್ರೂ," ಎಂದು ತಂಗಿ ನಗಿಸಲು ನೋಡಿದಳು. ಅವಳ ಕಡೆ ಮುಖ ಮಾಡಿದ್ದರಿಂದ ಈ ಸಲ ನಕ್ಕ. ಮತ್ತೆ ಗೋಡೆ, ಮತ್ತೆ ಅದೇ ಮಾತು.

"ಇನ್ನೂ ಬಿಚ್ಚಿಕೊಂಡಿಲ್ಲ."

ಪಕ್ಕದ ಕೋಣೆಯ ಟೈಲರಮ್ಮ ಬಾಗಿಲಲ್ಲಿ ಬಂದು ನಿಂತರು. "ನಿನ್ನ ಗಿಟಾರಿಗೆ ನನ್ನ ಸೂಜಿಗಳೆಲ್ಲ ಡಬ್ಬೀಲಿ ಕುಣೀತಿವೆ ಕಣಮ್ಮ. ನಿನ್ನ ಬಾಯಿ ಸಾಲಲ್ಲ ಅಂತ ಇದಕ್ಕೂ ಬಾಯಿ ಕೊಡ್ತಿದೀರಾ?"

"ಅಣ್ಣಂಗೆ ಸಾಕಾಗಿಲ್ಲ ಟೈಲರಮ್ಮ."

"ನಿಂಗೆ?"

ಈ ಪ್ರಶ್ನೆ ತಂಗಿಗೆ ಹೊಸದು. ನುಡಿಸುವವರಿಗೆ ಗಿಟಾರಿನ ಬೆನ್ನು ಕೇಳುತ್ತದೆ, ಮುಖ ಕೇಳುವವನು ನಾನು ಎಂದು ಅಣ್ಣ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದ. ಹೊಸ ಕೋನಿನ ಸದ್ದಿಗೆ ಅವಳ ಹಲ್ಲು ಜುಂ ಎನ್ನುತ್ತಿತ್ತು. ಅದು ತನ್ನ ಹಲ್ಲಿನ ದೋಷವೆಂದೇ ಅವಳು ಸುಮ್ಮನಿದ್ದಳು.

ಮರುದಿನ ಅಣ್ಣ ದಪ್ಪ ತಂತಿಗಳನ್ನು ತಂದ.

"ಇದು ಕೋನಿಗೆ ಭಾರ ಆಗಲ್ವಾ?"

"ಹೊತ್ಕೊಳ್ಳುತ್ತೆ. ಹೊರೋದಕ್ಕೇ ಇರೋದು ಅದು."

ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಬಿರಡೆ ತಿರುಗಿಸತೊಡಗಿದ. ಕಿಟಕಿಯಿಂದ ಬೆಳಿಗ್ಗೆಯ ಬಿಸಿಲು ಉಕ್ಕಿನ ಮೈಮೇಲೆ ಬಿದ್ದು, ಅವನ ಗದ್ದದ ಕೆಳಗೆ ನಡುಗುತ್ತಿತ್ತು. ತಂತಿ ಬಿಗಿಯಿತು. ಗಿಟಾರಿನೊಳಗಿಂದ ಸಣ್ಣಗೆ ಟಿಕ್ ಎಂದಿತು, ಬಿಸಿಲಿಗೆ ತಗಡಿನ ಚಾವಣಿ ಎನ್ನುವ ಹಾಗೆ.

"ಅಣ್ಣ, ಒಳಗೇನೋ ಅಂತಿದೆ."

ಅಣ್ಣ ಬಗ್ಗಿಕೊಂಡೇ ಇದ್ದ. ಇನ್ನೊಂದು ಬಿರಡೆಯ ಕಿವಿ ಹಿಂಡಿದ. ಈ ಸಲದ ಸದ್ದು ಟಿಕ್ ಅಲ್ಲ, ಕಿರಗುಟ್ಟುವಿಕೆ. ಒಳಗೆ ಯಾರೋ ಕೂತು ಹಲ್ಲು ಕಡಿಯುತ್ತಿದ್ದಂತೆ.

"ಅಣ್ಣ, ಬಿಡು. ಕೇಳಿಸ್ತಿಲ್ವಾ?"

ಅವನ ಬೆರಳು ತಿರುಗುತ್ತಲೇ ಇತ್ತು. ತಂತಿಯನ್ನು ಮೀಟಿ, ತಲೆ ಓರೆ ಮಾಡಿ, ಸಾಲದೆಂಬಂತೆ ಮತ್ತಷ್ಟು ಬಿಗಿದ. ತಂಗಿ ಕೈ ಚಾಚುವಷ್ಟರಲ್ಲಿ ಕೋನ್ ಕುಸಿಯಿತು. ಖಾಲಿ ಡ್ರಮ್ಮನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂಥ ಸದ್ದು. ಟೈಲರಮ್ಮ ಬಾಯಲ್ಲಿದ್ದ ದಾರದ ಸಮೇತ ಓಡಿ ಬಂದರು.

ಅಣ್ಣ ಬೆಚ್ಚಲಿಲ್ಲ. ತಂತಿಗಳು ಸಡಿಲವಾಗಿ ಹೊರಳಿದ್ದನ್ನು ನೋಡಿದ. ಆಮೇಲೆ ಬಾಗಿಲ ಕಡೆ ಕಣ್ಣು ಹೋಯಿತು.

"ಏನ್ ಟೈಲರಮ್ಮ, ಏನು ಬೇಕಿತ್ತು?"

ಟೈಲರಮ್ಮ ತಂಗಿಯ ಮುಖ ನೋಡಿದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

"ಯಾವಾಗಿಂದ?" ತಂಗಿ ಅವನ ಬೆನ್ನಿಗೆ ಕೇಳಿದಳು. ಮೇಜು ಸುತ್ತಿ ಎದುರು ಬಂದು ಮತ್ತೆ ಕೇಳಿದಳು.

ಅಣ್ಣ ತಂತಿಯನ್ನು ಬೆರಳಿಗೆ ಸುತ್ತುತ್ತ ಕೂತ. "ಮೊದಲು ಎಡಗಡೆ ಕಿವಿ ಹೋಯ್ತು. ಬಲಗಡೆದು ಅದನ್ನ ಹುಡುಕ್ಕೊಂಡು ಹೊರಟಿದೆ."

"ಡಾಕ್ಟರಿಗೆ ತೋರಿಸ್ದ್ಯಾ?"

"ತೋರಿಸ್ದೆ. ಏನೋ ಹೇಳಿದ್ರು, ಕೇಳಿಸ್ಲಿಲ್ಲ." ತನ್ನ ಮಾತಿಗೆ ತಾನೇ ನಕ್ಕ. ಅವಳು ನಗದ್ದನ್ನು ನೋಡಿ ನಿಲ್ಲಿಸಿದ. "ಯಾರಿಗೂ ಹೇಳ್ಬೇಡ. ಗಟ್ಟಿ ವಾದ್ಯ ಆದ್ರೆ ನಂಗೆ ಸಿಗುತ್ತೆ. ಶ್ರುತಿ ಸ್ವಲ್ಪ ಮೇಲಕ್ಕೆ ತಂದ್ರೆ ಸಾಕು, ಸಿಗುತ್ತೆ."

ಸ್ವಲ್ಪ ಮೇಲಕ್ಕೆ. ತಂಗಿ ಆ ಮಾತನ್ನೇ ಹಿಡಿದು ಸುತ್ತ ನೋಡಿದಳು. ಗೋಡೆಯ ಮೇಲೆ, ಕೆಲಸ ಮುಗಿಸಿ ಗಿರಾಕಿಗಳಿಗಾಗಿ ನೇತುಹಾಕಿದ ವಾದ್ಯಗಳಿದ್ದವು. ಒಂದು ಮ್ಯಾಂಡೊಲಿನನ್ನು ಇಳಿಸಿ ಮೀಟಿದಳು. ಸೀಳಿದ ದನಿ. ಪಕ್ಕದ ಗಿಟಾರನ್ನು ಮುಟ್ಟಿದಳು. ತಂತಿಗಳು ಅಳತೆ ಮೀರಿ ಬಿಗಿದು, ಮರದ ಹೊಟ್ಟೆ ತಂತಿ ಹೊರುವ ಕುದುರೆಯ ಹಿಂದೆ ಉಬ್ಬಿಕೊಂಡಿತ್ತು. ಪಿಟೀಲಿನ ಮೈಯಲ್ಲಿ, ಕೂದಲೆಳೆಯಷ್ಟು ತೆಳ್ಳಗೆ, ಬಿರುಕು ಶುರುವಾಗಿತ್ತು. ಎಲ್ಲವನ್ನೂ ಅವನು ತನಗೆ ಕೇಳಿಸುವಷ್ಟು ಎಳೆದಿದ್ದ. ಈಗಾಗಲೇ ಮನೆಗಳಿಗೆ ಹೋದವು ಎಷ್ಟಿದ್ದವೋ, ಯಾವ ಯಾವ ಮನೆಯ ಮೂಲೆಯಲ್ಲಿ ನಿಂತು ಟಿಕ್ ಎನ್ನುತ್ತಿದ್ದವೋ.

ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ತಂಗಿಯ ಕಣ್ಣು ಬಾಗಿಲಿಗೆ ಹೋದದ್ದನ್ನು ಕಂಡು ಅಣ್ಣ ಕೇಳಿದ, "ಯಾರಾದ್ರೂ ಬರ್ತಿದಾರಾ?"

ಅವಳು ಹೌದೆಂದು ತಲೆಯಾಡಿಸಿದಳು. ಅಣ್ಣನ ಮುಖದಲ್ಲಿ ಅವಳೆಂದೂ ಕಾಣದ ಒಂದು ಅಂಗಲಾಚಿಕೆ ಬಂತು. ಅದನ್ನು ಹೆಚ್ಚು ಹೊತ್ತು ನೋಡಲಾರದೆ ಬಾಗಿಲಿಗೆ ಹೋಗಿ ನಿಂತಳು.

ಬಂದವನು ಅವಳ ಜೊತೆ ನುಡಿಸುವ ಪಿಟೀಲಿನವನೇ. "ಆಯ್ತಾ ನನ್ನ ಪಿಟೀಲು? ಕಿವಿಯಣ್ಣ ಕೇಳಿ ಸರಿ ಅಂದ್ರಾ?"

"ಆಗಿಲ್ಲ," ಎಂದಳು. "ಬಿರುಕು ಬಿಟ್ಟಿದೆ. ನಮ್ಮಿಂದಾನೇ."

"ಏನು? ಎಲ್ಲಿ ಅಣ್ಣ? ಅವರನ್ನೇ ಕೇಳ್ತೀನಿ ಬಿಡು."

ಅವಳು ದಾರಿ ಬಿಡಲಿಲ್ಲ. "ಕೇಳೋ ಹಾಗಿಲ್ಲ."

ಪಿಟೀಲಿನವನು ಅವಳ ಹೆಗಲ ಮೇಲಿಂದ ಒಳಗೆ ನೋಡಿದ. ಅಣ್ಣ ಇವರಿಗೆ ಬೆನ್ನು ಹಾಕಿ ಕೂತಿದ್ದ. ಮೇಜಿನ ಮೇಲೆ ಅವಳು ಗೋಡೆಯಿಂದ ಇಳಿಸಿದ್ದ ಮ್ಯಾಂಡೊಲಿನ್ ಇತ್ತು, ಬಿರಡೆ ತಿರುಗುತ್ತಿತ್ತು, ಮರದೊಳಗಿನ ಟಿಕ್ ಎನ್ನುವ ಸದ್ದು ಬಾಗಿಲಲ್ಲಿದ್ದ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.